ಗೃಹಸ್ಥರ ಲೆಕ್ಕ: ಮನೆಗಾಡಿಯನ್ನು ಕೊಳ್ಳುವವರಿಗೆ

ರಾಬರ್ಟ್‌ಸನ್‌ಪೇಟೆಯ ಗೃಹಸ್ಥರೊಬ್ಬರು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿರುವರು. ಅವರು ಕಾರ್ಖಾನೆಯ ಕೆಲಸದಿಂದ ಈಚೆಗೆ ನಿವೃತ್ತರಾದವರು. ಅವರ ಮನೆಯವರಿಗೆ ಕಾಶಿಯನ್ನು ಕಾಣಬೇಕೆಂಬ ಹಂಬಲವು ಬಹುಕಾಲದ್ದು. ಆದರೆ ಮಂಡಿಯ ನೋವೂ ಸಕ್ಕರೆಯ ವ್ಯಾಧಿಯೂ ಒಟ್ಟುಗೂಡಿ, ಗಳಿಗೆಗೊಮ್ಮೆ ಶೌಚಾಲಯವನ್ನು ಹುಡುಕಬೇಕಾದ ಆ ತಾಯಿಗೆ ರೈಲಿನ ಇಕ್ಕಟ್ಟಾಗಲಿ ಛತ್ರದ ವಾಸವಾಗಲಿ ಸಾಧ್ಯವಿಲ್ಲ. ಆದುದರಿಂದ, ಮಂಚ, ಒಲೆ, ಶೌಚದ ಕೋಣೆ ಇವುಗಳನ್ನೊಳಗೊಂಡು ಕಾರಿನ ಹಿಂದೆ ಎಳೆದುಕೊಂಡು ಹೋಗತಕ್ಕ ಟ್ರೇಲರೊಂದನ್ನು ಕೊಳ್ಳುವುದಾಗಿ ಮನೆಯಲ್ಲಿ ನಿಶ್ಚಯವಾಗಿದೆ. ಇದನ್ನು ಕ್ಯಾರವಾನ್ ಎನ್ನುವರು. ನಾವು ಮನೆಗಾಡಿ ಎಂದರೆ ಸಾಕು.

ಅವರು ನೋಡಿಟ್ಟಿರುವ ಗಾಡಿಗಳು ಎರಡು. ಒಂದು, ಆರು ಜನರು ಮಲಗುವಷ್ಟು ದೊಡ್ಡದು, ಒಬ್ಬರು ಬಳಸಿ ಬಿಟ್ಟದ್ದು. ಇನ್ನೊಂದು, ಇಬ್ಬರಿಗೆ ಸಾಕಾಗುವ ಚಿಕ್ಕದು, ಹೊಸದಾಗಿ ಕಟ್ಟಿದುದು. ದೊಡ್ಡದರ ಬೆಲೆ ಚಿಕ್ಕದರ ಬೆಲೆಯಲ್ಲಿ ಮುಕ್ಕಾಲು ಪಾಲು ಮಾತ್ರ. “ಜಾಗ ಹೆಚ್ಚು, ಹಣ ಕಡಮೆ, ಇದರಲ್ಲಿ ಯೋಚಿಸತಕ್ಕದ್ದೇನಿದೆ ಎಂದು ನನ್ನ ಮಗನು ಕೇಳುತ್ತಾನೆ. ಯೋಚಿಸತಕ್ಕದ್ದು ಏನಾದರೂ ಉಂಟೆ, ಮೇಷ್ಟ್ರೇ?” ಎಂಬುದು ಅವರ ಪ್ರಶ್ನೆ. ನಿವೃತ್ತಿಯಲ್ಲಿ ಕೈಗೆ ಬಂದ ಹಣದ ದೊಡ್ಡ ಪಾಲು ಇದಕ್ಕೆ ಹೋಗತಕ್ಕದ್ದಾದುದರಿಂದ ನಾವು ಹಗುರಾಗಿ ಉತ್ತರಿಸಲಾರೆವು.

ವೈಶೇಷಿಕ ಶಾಸ್ತ್ರದಲ್ಲಿ ಗುಣಗಳನ್ನು ೨೪ ಎಂದು ಎಣಿಸಿರುವರು. ಆ ಪಟ್ಟಿಯಲ್ಲಿ ಪರಿಮಾಣವುಂಟು, ಗುರುತ್ವವುಂಟು. ಸಂಸ್ಕಾರವೆಂಬ ಗುಣದ ಬಗೆಗಳಲ್ಲಿ ವೇಗವೂ, ಬಗ್ಗಿಸಿದ ವಸ್ತು ಮರಳಿ ತನ್ನ ನೆಲೆಗೆ ಬರುವ ಸ್ಥಿತಿಸ್ಥಾಪಕವೂ ಸೇರಿವೆ. ಬೆಲೆ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಮನೆಗಾಡಿಯನ್ನು ನೋಡಹೋಗುವ ಗೃಹಸ್ಥನಿಗೆ ಈ ಪಟ್ಟಿ ಚೆನ್ನಾಗಿ ಒದಗುವುದು. ಗಾಡಿಯ ಉದ್ದವೆಂದರೆ ಪರಿಮಾಣ, ತೂಕವೆಂದರೆ ಗುರುತ್ವ, ಅಚ್ಚಿನ ಮೇಲಿನ ಸ್ಪ್ರಿಂಗಿನಲ್ಲಿರುವುದು ಸ್ಥಿತಿಸ್ಥಾಪಕ, ಹೆದ್ದಾರಿಯ ಓಟವೆಂದರೆ ವೇಗ. ಈ ನಾಲ್ಕೂ ಒಂದೇ ಹಗ್ಗದಲ್ಲಿ ಕಟ್ಟಿದ ದನಗಳಂತೆ. ಒಂದನ್ನು ಎಳೆದರೆ ಉಳಿದವು ಬಾರದೆ ಇರವು. ಉದ್ದವು ಹೆಚ್ಚಿದರೆ ತೂಕ ಹೆಚ್ಚುವುದು. ತೂಕ ಹೆಚ್ಚಿದರೆ ಸ್ಪ್ರಿಂಗು ದಪ್ಪನಾಗಬೇಕು. ಇವೆರಡಕ್ಕೂ ತಕ್ಕಂತೆ ವೇಗವನ್ನು ಇಳಿಸಬೇಕು. ‘ಜಾಗ ಹೆಚ್ಚು’ ಎಂಬುದು ಗಾಡಿಯೊಡನೆ ಪುಕ್ಕಟೆಯಾಗಿ ಬರುವ ವಸ್ತುವಲ್ಲ. ಕಡಮೆ ಹಣಕ್ಕೆ ಹೆಚ್ಚು ಜಾಗವನ್ನು ಕೊಟ್ಟಿರುವರೆಂದರೆ, ಆ ಹಣವನ್ನೇ ತೆಳ್ಳಗೆ ಬಡಿದು ಅಗಲ ಮಾಡಿರುವರೆಂದು ತಿಳಿಯಬೇಕು. ಚಿನ್ನದ ಊರಿನವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕೆ? ಒಂದು ಗುಂಜಿ ಚಿನ್ನದ ಮುಲಾಮಿನಿಂದ ಎಷ್ಟು ದೊಡ್ಡ ತಟ್ಟೆಯಾದರೂ ಹೊಳೆಯುವುದು. ಅದನ್ನು ಒಡವೆಯೆಂದು ಯಾರೂ ಪೆಟ್ಟಿಗೆಯಲ್ಲಿಡುವುದಿಲ್ಲ.

ವಿನೋದಕ್ಕಾಗಿ ಮನೆಗಾಡಿಯನ್ನು ಕಟ್ಟಿಸಿ ಸಂಚರಿಸಿದವರಲ್ಲಿ ಮೊದಲಿಗರೆಂದು ಡಾಕ್ಟರ್ ಗಾರ್ಡನ್ ಸ್ಟೇಬಲ್ಸ್ ಎಂಬವರನ್ನು ಹೇಳುವುದುಂಟು. ನೌಕಾದಳದಲ್ಲಿ ವೈದ್ಯರಾಗಿದ್ದ ಇವರು ೧೮೮೫ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಕಾರ್ಖಾನೆಯಿಂದ ‘ವಾಂಡರರ್’ ಎಂಬ ಗಾಡಿಯನ್ನು ಮಾಡಿಸಿದರು. ಮಹಾಗನಿ ಮರದ ಕೆಲಸ, ನಯವಾದ ಸಜ್ಜು, ಸುಮಾರು ಎರಡು ಟನ್ನಿನ ತೂಕ. ಎಳೆಯಲು ಎರಡು ಕುದುರೆಗಳು ಬೇಕಾದುವು. ಎದುರು ಬರುವವರನ್ನು ಎಚ್ಚರಿಸುವುದಕ್ಕಾಗಿ ಸೇವಕನೊಬ್ಬನು ಮೂರು ಚಕ್ರದ ಸೈಕಲ್ಲಿನ ಮೇಲೆ ಮುಂದೆ ಮುಂದೆ ಹೋಗುತ್ತಿದ್ದನು. ಗುಣಕ್ಕೆ ಕೊರತೆಯಿಲ್ಲ, ಜಾಗಕ್ಕೂ ಕೊರತೆಯಿಲ್ಲ. ಬೆಲೆಯನ್ನು ಕೇಳದವರಿಗೆ ಇದು ಸಾಧ್ಯ. ನಮ್ಮ ಪತ್ರಲೇಖಕರ ಮನೆಯಲ್ಲಿ ಮುಂದೆ ಓಡುವ ಸೇವಕನು ಇಲ್ಲ.

ಇನ್ನು ಜಾಗದ ವಿಚಾರ. ಇಕ್ಕಟ್ಟಿನಲ್ಲಿ ಸಂಸಾರ ಮಾಡುವ ವಿದ್ಯೆಯನ್ನು ಕೋಲಾರ ಚಿನ್ನದ ಗಣಿಯವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಗಣಿಯ ಕೆಲಸಗಾರರ ಲೈನುಗಳಲ್ಲಿ, ಒಂದಕ್ಕೊಂದು ಅಂಟಿಕೊಂಡ ಪುಟ್ಟ ಮನೆಗಳಲ್ಲಿ, ತಲೆಮಾರುಗಳು ಬಾಳಿದುವು. ಮಂಚದ ಕೆಳಗಿನ ಟ್ರಂಕೇ ಬೀರು, ಟ್ರಂಕಿನ ಮೇಲಿನ ಹಾಸೇ ಅತಿಥಿಯ ಪೀಠ. ಅಲ್ಲಿ ಜಾಗವನ್ನು ಅಡಿಗಳಲ್ಲಿ ಅಳೆಯುತ್ತಿರಲಿಲ್ಲ. ಯಾರು ಯಾವ ಹೊತ್ತಿಗೆ ಮಲಗುವರು, ಯಾರು ಯಾವ ಪಾಳಿಗೆ ಏಳುವರು ಎಂಬುದರಿಂದ ಅಳೆಯುತ್ತಿದ್ದರು. ಮನೆಗಾಡಿಗೂ ಇದೇ ಅಳತೆ ತಕ್ಕುದು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಸೇರಿ ಆರು ಜನರೂ ಒಟ್ಟಿಗೆ ವರ್ಷಕ್ಕೆ ಎಷ್ಟು ರಾತ್ರಿ ಗಾಡಿಯಲ್ಲಿ ಮಲಗುವಿರೆಂದು ನಾವು ಕೇಳಿ ಬರೆದೆವು. ಮಕ್ಕಳ ರಜೆ, ಮಗನ ರಜೆ ಎರಡನ್ನೂ ಕೂಡಿಸಿ ನೋಡಿ, ನಾಲ್ಕು ರಾತ್ರಿಗಳೆಂದು ಅವರು ಉತ್ತರ ಕೊಟ್ಟರು. ನಾಲ್ಕು ರಾತ್ರಿಗೆ ಒಂದು ಗುಡಾರ ಸಾಕು. ಮಿಕ್ಕ ದಿನಗಳೆಲ್ಲ ಆ ದೊಡ್ಡ ಗಾಡಿ ಯಾರ ಮನೆಯ ಮುಂದೆ ಬಿಸಿಲಿಗೆ ನಿಲ್ಲತಕ್ಕದ್ದು? ಬಿಸಿಲಿನಲ್ಲಿ ನಿಂತ ಗಾಡಿಯ ರಬ್ಬರಿನ ಅಂಚುಗಳು ಸಿಡಿಯುವುವು. ಸಿಡಿದ ಎಡೆಯಲ್ಲಿ ಮಳೆಯ ನೀರು ಇಳಿಯುವುದು. ಗಾಡಿ ಓಡದೆಯೇ ಹಳತಾಗುವುದು.

ಈ ಆರು ಮಂಚದ ಆಸೆ ಮಗನಿಗೆ ಎಲ್ಲಿಂದ ಬಂದಿತೆಂಬುದನ್ನು ತಂದೆಯೇ ಬರೆದಿರುವರು. ಅವನ ಗೆಳೆಯನೊಬ್ಬನಲ್ಲಿ ಅಂಥದೊಂದು ಉಂಟಂತೆ. ಶೂದ್ರಕನ ಮೃಚ್ಛಕಟಿಕದಲ್ಲಿ ಚಾರುದತ್ತನ ಮಗು ಮಣ್ಣಿನ ಬಂಡಿ ಬೇಡ, ಚಿನ್ನದ ಬಂಡಿಯೇ ಬೇಕೆಂದು ಅತ್ತದ್ದೂ ನೆರೆಮನೆಯ ಹುಡುಗನ ಕೈಯಲ್ಲಿ ಅದನ್ನು ನೋಡಿದ ಬಳಿಕವೇ. ಮಗುವಿಗೆ ವಸಂತಸೇನೆ ತನ್ನ ಒಡವೆಗಳನ್ನೇ ಬಂಡಿಗೆ ತುಂಬಿದಳು. ನಿವೃತ್ತನಾದ ತಂದೆಗೆ ಅಂತಹ ಉಪಾಯವಿಲ್ಲ.

ಗುಣದ ಪರೀಕ್ಷೆಯೇ ಕಷ್ಟವಾದುದು. ಬೆಲೆಯನ್ನು ಮಾರುವವನೇ ಹೇಳುವನು. ಜಾಗವು ಕಣ್ಣಿಗೆ ಕಾಣುವುದು. ಗುಣ ಮಾತ್ರ ಹಲಗೆಯ ಹಿಂದೆ ಅಡಗಿರುವುದು. ನಾವು ಆ ಗೃಹಸ್ಥರನ್ನೂ ಅವರ ಮನೆಯವರನ್ನೂ ಕರೆದುಕೊಂಡು ಬಂಗಾರಪೇಟೆಯ ಹೊರವಲಯದಲ್ಲಿ ನಿಲ್ಲಿಸಿದ್ದ ಎರಡು ಗಾಡಿಗಳನ್ನೂ ನೋಡಿ ಬಂದೆವು. ದೊಡ್ಡ ಗಾಡಿಯ ಪರದೆಗಳು ಹೊಸವು, ಬಣ್ಣವು ಹೊಸದು. ಬಾಗಿಲನ್ನು ತೆರೆದೊಡನೆ ಊದುಬತ್ತಿಯ ವಾಸನೆ. ಸರಿಯೆ, ಆದರೆ ಊದುಬತ್ತಿಯ ಅಡಿಯಲ್ಲಿ ಇನ್ನೊಂದು ವಾಸನೆಯೂ ಇದ್ದಿತು. ಮಳೆಗಾಲದಲ್ಲಿ ಒದ್ದೆ ಚಾಪೆಯನ್ನು ಸುತ್ತಿಟ್ಟರೆ ಬರುವಂಥದು. ಹಾಸನ್ನು ಎತ್ತಿ ಮೂಲೆಗಳನ್ನು ಬೆರಳಿನಿಂದ ತಟ್ಟಿದೆವು. ನಡುವೆ ಟಣ್ ಎಂದ ಹಲಗೆ ಮೂಲೆಯಲ್ಲಿ ಮೆತ್ತಗೆ ಉತ್ತರಿಸಿತು. ನೀರು ಹೊಕ್ಕು ಹಲಗೆ ಕೊಳೆತಿರುವ ಲಕ್ಷಣ ಇದೇ. ಮನೆಗಾಡಿಗಳಿಗೆ ಬರುವ ಕ್ಷಯರೋಗವೆಂದರೆ ಈ ಒಳತೇವ. ಬಣ್ಣ ಬಳಿದರೆ ಹೋಗದು, ಪರದೆ ಕಟ್ಟಿದರೆ ಹೋಗದು, ಗೋಡೆಯನ್ನೇ ಬಿಚ್ಚಬೇಕು.

ಪ್ಲೈವುಡ್ಡಿನಲ್ಲಿಯೂ ಜಾತಿಗಳುಂಟು. ಒಳಮನೆಯ ಕಪಾಟಿಗೆ ಬಳಸುವ ಸಾಮಾನ್ಯ ಹಲಗೆಯ ಮೇಲೆ ಐ.ಎಸ್. ೩೦೩ ಎಂದೂ, ನೀರನ್ನು ತಡೆಯುವ ಅಂಟಿನಿಂದ ಮಾಡಿದ ‘ಮೆರೈನ್’ ಹಲಗೆಯ ಮೇಲೆ ಐ.ಎಸ್. ೭೧೦ ಎಂದೂ ಮುದ್ರೆ ಇರುವುದು. ಗಾಡಿಯ ತಳಕ್ಕೆ ಎರಡನೆಯದೇ ಬೇಕು. ಚಿಕ್ಕ ಗಾಡಿಯನ್ನು ಕಟ್ಟಿದವರು ಆಸನದ ಕೆಳಗಿನ ಹಲಗೆಯ ಮುದ್ರೆಯನ್ನು ತಾವಾಗಿಯೇ ತೋರಿಸಿದರು. ಅದು ನಮಗೆ ಮೆಚ್ಚುಗೆಯಾಯಿತು. ಟೈರುಗಳ ಪಕ್ಕದಲ್ಲಿಯೂ ನಾಲ್ಕು ಅಂಕಿಗಳ ಗುರುತಿರುವುದು. ಮೊದಲ ಎರಡು ವಾರವನ್ನೂ ಕಡೆಯ ಎರಡು ವರ್ಷವನ್ನೂ ಹೇಳುವುವು. ೨೩೧೬ ಎಂದಿದ್ದರೆ ೨೦೧೬ನೆಯ ಇಸವಿಯ ೨೩ನೆಯ ವಾರದಲ್ಲಿ ಹುಟ್ಟಿದ ಟೈರು. ಕಡಮೆ ಓಡಿದ ಗಾಡಿಯ ಟೈರು ಸವೆಯದೆ ಹೊಸದರಂತೆಯೇ ಕಾಣುವುದು. ಆದರೆ ರಬ್ಬರು ಒಳಗೊಳಗೆ ಮುಪ್ಪಾಗಿರುವುದು.

ಎಲ್ಲಕ್ಕಿಂತಲೂ ಮಿಗಿಲಾದುದು ಕೊಂಡಿ. ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚುವವರೆಗೆ ಈ ಊರಿನ ಗಂಡಸರು ಕೇಜಿನಲ್ಲಿ ನಿಂತು ಪಾತಾಳಕ್ಕೆ ಇಳಿದವರು. ಚಾಂಪಿಯನ್ ರೀಫಿನ ಆಳವು ೩ ಕಿಲೋಮೀಟರುಗಳಿಗೂ ಹೆಚ್ಚು. ಕೇಜಿನ ಒಳಗೆ ಭುಜಕ್ಕೆ ಭುಜ ತಾಗುತ್ತಿದ್ದಿತು. ಆದರೂ ಪ್ರಾಣವು ನಿಂತಿದ್ದುದು ಕೇಜಿನ ಅಗಲದ ಮೇಲಲ್ಲ, ಮೇಲಿನ ಉಕ್ಕಿನ ಹಗ್ಗದ ಮೇಲೆ. ಕಾರಿಗೂ ಮನೆಗಾಡಿಗೂ ನಡುವೆ ಇರುವ ಕೊಂಡಿಯೇ ಆ ಹಗ್ಗ. ಅದರ ಬೆಸುಗೆ, ಬೀಗ, ಕಳಚಿದರೆ ಹಿಡಿಯತಕ್ಕ ಸರಪಳಿ, ಗಾಡಿಯ ಸ್ವಂತ ಬ್ರೇಕು, ಇವುಗಳಲ್ಲಿ ಒಂದು ಇಲ್ಲವೆಂದರೂ ಬೆಲೆಯ ಮಾತನ್ನು ಎತ್ತದೆ ಹಿಂದಿರುಗಬೇಕು. ಕಮ್ಮಸಂದ್ರದ ಶಿವರಾತ್ರಿಗೆ ಮಕ್ಕಳು ಮುದುಕರನ್ನು ಟ್ರಾಕ್ಟರಿನ ಟ್ರೇಲರಿನಲ್ಲಿ ತುಂಬಿಕೊಂಡು ಹೋಗುವುದನ್ನು ಕಂಡಾಗಲೆಲ್ಲ ನಮಗೆ ಎದೆ ನಡುಗುವುದು. ಸರಕಿನ ಟ್ರೇಲರಿನಲ್ಲಿ ಜನರನ್ನು ಕೂರಿಸುವುದು ಕಾಯಿದೆಗೆ ವಿರುದ್ಧ. ಮನೆಗಾಡಿಯು ಎಷ್ಟೇ ಸೊಗಸಾಗಿದ್ದರೂ ಅದು ಓಡುತ್ತಿರುವಾಗ ಒಳಗೆ ಯಾರೂ ಇರಕೂಡದು. ಆ ತಾಯಿಗೆ ಶೌಚಕ್ಕೆ ಹೋಗಬೇಕಾದರೆ ಗಾಡಿಯನ್ನು ನಿಲ್ಲಿಸಲೇಬೇಕು. ಇದನ್ನು ನಾವು ಅವರಿಗೆ ಎರಡು ಸಲ ಹೇಳಿದೆವು.

ಆ ತಾಯಿಯವರನ್ನು ಗಾಡಿಯ ವಿಚಾರವಾಗಿ ಅದುವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ. ದೊಡ್ಡ ಗಾಡಿಯ ಮೆಟ್ಟಿಲಿಗೆ ಕಾಲಿಡಲು ಎರಡು ಸಲ ಪ್ರಯತ್ನಿಸಿ, ಗಂಡನ ಭುಜವನ್ನು ಹಿಡಿದು ಮೇಲೇರಿ, ಆಕೆ ಹೇಳಿದರು: “ಇವರು ಉದ್ದ ಎಷ್ಟು, ಅಗಲ ಎಷ್ಟು ಅಂತ ತಿಂಗಳಿಂದ ಹೇಳ್ತಿದಾರೆ, ಮೇಷ್ಟ್ರೇ. ಮೆಟ್ಲು ಎಷ್ಟು ಎತ್ತರ ಅಂತ ಒಬ್ರೂ ಹೇಳ್ಲಿಲ್ಲ.” ಅದರಲ್ಲಿ ಶೌಚದ ಕೋಣೆ ಹಿಂದಿನ ಮೂಲೆಯಲ್ಲಿ, ರಾತ್ರಿ ಮಕ್ಕಳ ಮಂಚಗಳನ್ನು ಬಿಚ್ಚಿದರೆ ನಡೆಯುವ ದಾರಿಯೇ ಮುಚ್ಚಿಹೋಗುವುದು. ಚಿಕ್ಕ ಗಾಡಿಯಲ್ಲಿ ಮಂಚದ ಅಂಚಿನಿಂದ ಮೂರು ಹೆಜ್ಜೆ, ನಡುವೆ ಹಿಡಿದುಕೊಳ್ಳಲು ಒಂದು ಸರಳು. ಆಕೆ ಅಲ್ಲಿ ಮಲಗಿ, ಎದ್ದು, ಬಾಗಿಲನ್ನು ತಾವೇ ತೆರೆದು ಮುಚ್ಚಿ ನೋಡಿದರು. ಮುಂದೆ ಆಕೆಯ ಚಿಂತೆ ಉಪ್ಪಿನಕಾಯಿಯ ಭರಣಿಯನ್ನು ಎಲ್ಲಿಡುವುದೆಂಬ ಕಡೆಗೆ ತಿರುಗಿತು.

ಅದು ಸಣ್ಣ ಪ್ರಶ್ನೆಯಲ್ಲ. ಎತ್ತಿನ ಗಾಡಿಯನ್ನು ಹೇರುವವರಿಗೆ ಮುಂಭಾರ ಹಿಂಭಾರಗಳು ತಿಳಿದಿರುವುವು: ಮುಂದೆ ಹೆಚ್ಚು ಹೇರಿದರೆ ನೊಗವು ಎತ್ತಿನ ಕತ್ತನ್ನು ಒತ್ತುವುದು, ಹಿಂದೆ ಹೇರಿದರೆ ಮೂಕಿ ಮೇಲಕ್ಕೇಳುವುದು. ಮನೆಗಾಡಿಗೆ ಹಿಂಭಾರವಾದರೆ ಅದು ವೇಗದಲ್ಲಿ ಹಾವಿನ ಬಾಲದಂತೆ ಅತ್ತಿತ್ತ ಬಡಿದು ಕಾರನ್ನೂ ಉರುಳಿಸಬಲ್ಲುದು. ಅಮೆರಿಕದವರು ಗಾಡಿಯ ಒಟ್ಟು ತೂಕದಲ್ಲಿ ಶೇಕಡ ೧೦ರಿಂದ ೧೫ರಷ್ಟು ಕೊಂಡಿಯ ಮೇಲೆ ಬೀಳಬೇಕೆಂದು ಹೇಳುವರು. ಕೊಂಡಿಯು ಎಷ್ಟು ಭಾರವನ್ನು ತಾಳುವುದೆಂದು ಅದನ್ನು ಮಾಡಿದವರನ್ನೂ ಕೇಳಿಕೊಳ್ಳಬೇಕು. ಭರಣಿ, ಅಕ್ಕಿಯ ಡಬ್ಬ, ನೀರಿನ ತೊಟ್ಟಿ ಇವೆಲ್ಲ ಅಚ್ಚಿನ ಹತ್ತಿರ, ನೆಲಮಟ್ಟದಲ್ಲಿರಲಿ. ನೀರೊಂದೇ ನೂರು ಲೀಟರಿಗೆ ನೂರು ಕಿಲೋ. ಅನಿಲದ ಒಲೆ ಇರುವ ಕಡೆ ನೆಲದ ಮಟ್ಟದಲ್ಲಿ ಗಾಳಿಕಿಂಡಿ ಇರತಕ್ಕದ್ದು. ಅಡಿಗೆಯ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದರೆ ಕೆಳಗೇ ನಿಲ್ಲುವುದು. ದೊಡ್ಡ ಗಾಡಿಯ ಕಿಂಡಿಯನ್ನು ಜಮಖಾನದಿಂದ ಮುಚ್ಚಿದ್ದರು.

ಎಳೆಯುವ ಕಾರು ಮಗನದು. ಕಾರನ್ನು ಮಾಡಿದವರು ಎಷ್ಟು ತೂಕವನ್ನು ಎಳೆಯಬಹುದೆಂದು ಪುಸ್ತಕದಲ್ಲಿ ಬರೆದಿರುವರೋ ಅದನ್ನು ಮೀರಬಾರದು. ಬರೆದೇ ಇಲ್ಲವಾದರೆ ಅವರನ್ನು ಕೇಳಿ ತಿಳಿಯದೆ ಕೊಂಡಿಯನ್ನೇ ಹಾಕಿಸಬಾರದು. ಹೊಸಬರು ಕಾರಿನ ತೂಕದಲ್ಲಿ ಶೇಕಡ ೮೫ಕ್ಕಿಂತ ಹೆಚ್ಚಿನ ಗಾಡಿಯನ್ನು ಎಳೆಯಬಾರದೆಂದು ಇಂಗ್ಲೆಂಡಿನ ಅನುಭವಸ್ಥರು ಹೇಳುವರು. ಈ ಲೆಕ್ಕವನ್ನು ಮಗನ ಕೈಯಿಂದಲೇ ಮಾಡಿಸಿದೆವು. ದೊಡ್ಡ ಗಾಡಿಯನ್ನು ತುಂಬಿದರೆ ಅದು ಕಾರಿಗಿಂತ ಭಾರವಾಯಿತು. ಹಾಗಾದರೆ ಅದರೊಡನೆ ಹೊಸ ಕಾರನ್ನೂ ಕೊಳ್ಳಬೇಕು. ಮುಕ್ಕಾಲು ಬೆಲೆಯ ಮಾತು ಅಲ್ಲಿಗೆ ಮುಗಿಯಿತು. ಹುಡುಗನು ಬುದ್ಧಿವಂತ, ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡನು.

ಕಡೆಗೆ ಎರಡು ಮಾತು ಕಾಗದಪತ್ರಗಳ ವಿಷಯ. ೧೯೮೮ರ ಮೋಟಾರು ವಾಹನ ಕಾಯಿದೆಯಲ್ಲಿ ಟ್ರೇಲರೂ ಮೋಟಾರು ವಾಹನವೆಂದೇ ಗಣನೆ. ನೋಂದಣಿಯಾಗದ ಗಾಡಿಗೆ ಮುಂಗಡವನ್ನು ಕೊಡುವ ಮೊದಲು ಕೋಲಾರ ಚಿನ್ನದ ಗಣಿಯ ಸಾರಿಗೆ ಕಚೇರಿಯಲ್ಲಿ, ಇಂತಹ ಗಾಡಿಯನ್ನು ನೋಂದಾಯಿಸಿಕೊಳ್ಳುವರೆ, ಯಾವ ಪ್ರಮಾಣಪತ್ರಗಳು ಬೇಕು ಎಂಬುದನ್ನು ಬರೆಹದ ಮೂಲಕ ಕೇಳಿ ತಿಳಿಯಬೇಕು. ವಿಮೆಯವರನ್ನೂ ಹಾಗೆಯೇ ಕೇಳಬೇಕು. ಮಾರುವವನ “ಎಲ್ಲಾ ಆಗುತ್ತೆ ಸ್ವಾಮಿ” ಎಂಬ ಮಾತಿಗೆ ಮುದ್ರೆಯಿಲ್ಲ. ಇದಕ್ಕೂ ಮೊದಲು, ಮೂರು ದಿನಕ್ಕೆ ಬಾಡಿಗೆಯ ಗಾಡಿಯೊಂದನ್ನು ಹಿಡಿದು ನೋಡುವುದು ಉತ್ತಮ. ನೆರೆಯ ಕೇರಳದಲ್ಲಿ ೨೦೨೧ರಲ್ಲಿ ಸರ್ಕಾರವೇ ‘ಕೇರವಾನ್ ಕೇರಳ’ ಎಂಬ ಯೋಜನೆಯನ್ನು ಆರಂಭಿಸಿತು. ಅಂತಹವು ಎಂಜಿನ್ನಿನೊಡನೆ ಕೂಡಿದ ಗಾಡಿಗಳಾದರೂ, ಒಳಗಿನ ವಾಸವು ಒಂದೇ ಬಗೆಯದು. ಮೂರು ರಾತ್ರಿ ಮಲಗಿ, ಅಡಿಗೆ ಮಾಡಿ, ಶೌಚದ ತೊಟ್ಟಿಯನ್ನು ತಮ್ಮ ಕೈಯಿಂದಲೇ ಬರಿದು ಮಾಡಿದ ಮೇಲೂ ಆ ತಾಯಿಗೆ ಕಾಶಿಯ ಸುಮಾರು ೧,೮೦೦ ಕಿಲೋಮೀಟರುಗಳ ಉತ್ಸಾಹವು ಉಳಿದಿದ್ದರೆ, ಚಿಕ್ಕ ಗಾಡಿಗೆ ಮುಂಗಡವನ್ನು ಕೊಡಬಹುದೆಂದು ನಾವು ಬರೆದು ಕಳುಹಿಸಿರುವೆವು.