ಮಾತಿನ ಬೇರು: ಫಿನ್ನಿಷ್ 'ಸತ'

ಯುಗಾದಿ ಕೂಟದ ದಿನ ಊಟದ ಸಾಲಿನಲ್ಲಿ ಸದಸ್ಯರೊಬ್ಬರು ನಮ್ಮನ್ನು ಕೇಳಿದರು: "ಫಿನ್ಲೆಂಡಿನವರು ನೂರಕ್ಕೆ 'ಸತ' ಅಂತಾರಂತೆ. ಹಾಗಾದರೆ ಅವರ ಭಾಷೆಯೂ ಸಂಸ್ಕೃತದ ಮಗಳೇ ಅಲ್ಲವೇ ಸ್ವಾಮಿ?" ಕೋಸಂಬರಿ ಬಡಿಸುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರವಲ್ಲ. ಆದ್ದರಿಂದ ಈ ಸಲದ ಅಂಕಣ.

ಮಗಳಲ್ಲ. ಫಿನ್ನಿಷ್ ಉರಾಲಿಕ್ ಮನೆತನದ್ದು. ಎಸ್ಟೋನಿಯನ್ ಅದರ ಹತ್ತಿರದ ನಂಟು, ಹಂಗೇರಿಯನ್ ದೂರದ ನಂಟು. ಯುಕ್ಸಿ, ಕಕ್ಸಿ, ಕೊಲ್ಮೆ ಎಂದು ಒಂದರಿಂದ ಆರರವರೆಗಿನ ಎಣಿಕೆ ಅವರ ಸ್ವಂತದ್ದು. ನೂರು ಮಾತ್ರ ಎರವಲು. ಸುಮಾರು 4000 ವರ್ಷಗಳ ಹಿಂದೆ ವೋಲ್ಗಾ-ಉರಲ್ ಕಡೆಯ ಹುಲ್ಲುಗಾವಲಿನ ನೆರೆಯವರಿಂದ ಅವರ ಪೂರ್ವಿಕರು ಅದನ್ನು ಪಡೆದರು. ಆ ನೆರೆಯವರಾಡುತ್ತಿದ್ದ ಇಂಡೋ-ಇರಾನಿ ಮಾತಿನ ಬಳಗದಿಂದಲೇ ಮುಂದೆ ಸಂಸ್ಕೃತವೂ ಪಾರಸಿಯೂ ಬಂದವು. ಎಂದರೆ 'ಸತ' ನಮ್ಮ 'ಶತ'ದ ಮಗನಲ್ಲ, ಬೇರೆ ಮನೆಗೆ ದತ್ತು ಹೋದ ಅಣ್ಣ.

ಹಂಗೇರಿಯನ್ನರು ಸಾವಿರಕ್ಕೆ 'ಎಜೆರ್' ಎನ್ನುತ್ತಾರೆ. ಅದು ಇರಾನಿ ಕಡೆಯ ಎರವಲು, ಪಾರಸಿಯ 'ಹಜಾರ್'ಗೆ ನಂಟು. ನಮ್ಮ 'ಸಾವಿರ' ಸಂಸ್ಕೃತದ 'ಸಹಸ್ರ'ದಿಂದ ಬಂದದ್ದು. ಹಜಾರ್, ಸಹಸ್ರ ಎರಡೂ ಒಂದೇ ಬೇರಿನವು. ನೂರು ಕನ್ನಡದ್ದೇ, ಸಾವಿರ ಎರವಲು. ಆದರೂ 'ಸಾವಿರ' ಎನ್ನುವಾಗ ಯಾರಿಗೂ ಪರಭಾಷೆ ಆಡಿದಂತೆ ಅನಿಸುವುದಿಲ್ಲ.

ಒಂದು ಎಚ್ಚರಿಕೆ. ಫಿನ್ನಿಷಿನಲ್ಲಿ 'ಸತಾ' ಎಂದರೆ ಮಳೆ ಬರುತ್ತಿದೆ ಎಂದೂ ಅರ್ಥ. ಅದಕ್ಕೂ ನೂರಕ್ಕೂ ಸಂಬಂಧವಿಲ್ಲ, ಬೇರೇ ಬೇರೆ. ದನಿ ಹೋಲಿದ್ದನ್ನೆಲ್ಲ ನಂಟೆಂದು ಬಗೆಯಬಾರದು.

ನಮ್ಮ ಮನಸ್ಸಿನಲ್ಲಿ ಉಳಿದದ್ದು ಬೇರೊಂದು. ಫಿನ್ನರು ಪದವನ್ನು ಎರವಲು ತಂದರು, ವ್ಯಾಕರಣವನ್ನು ತರಲಿಲ್ಲ. ಇನ್ನೂರಕ್ಕೆ 'ಕಕ್ಸಿಸತಾ', ನೂರರಲ್ಲಿ ಎನ್ನಲು 'ಸದಸ್ಸ'. ತಮ್ಮ ಪ್ರತ್ಯಯ ಹಚ್ಚಿ, ತಮ್ಮ ನಿಯಮದಂತೆ 'ತ'ವನ್ನು 'ದ' ಮಾಡಿ, ಬಂದವನನ್ನು ಮನೆಯವನನ್ನಾಗಿ ಮಾಡಿಕೊಂಡರು.

ಅದೇ ಕೂಟದಲ್ಲಿ ತಾಯಿಯೊಬ್ಬರು ಅಳಲು ತೋಡಿಕೊಂಡಿದ್ದರು: ಮಗ ಮಾತಿಗೊಂದು ಇಂಗ್ಲಿಷ್ ಪದ ಸೇರಿಸುತ್ತಾನೆಂದು. ಅಮ್ಮಾ, "ಬಸ್ಸಿನಲ್ಲಿ ಬ್ಯಾಗನ್ನು ಮರೆತು ಬಂದೆ" ಎಂದರೆ ಬ್ಯಾಗು ಹೋಗಿರಬಹುದು, ಕನ್ನಡ ಹೋಗಿಲ್ಲ. ಆ 'ಅಲ್ಲಿ', 'ಅನ್ನು', 'ಬಂದೆ' ಅವನ ನಾಲಿಗೆಯ ಮೇಲೆ ಇರುವವರೆಗೆ ಭಾಷೆ ಮನೆಯಲ್ಲೇ ಇದೆ. ಅವು ಬಿಟ್ಟುಹೋದ ದಿನ ಚಿಂತಿಸೋಣ. ಅಲ್ಲ, ಅವು ಬಿಟ್ಟುಹೋಗದಂತೆ ಇವತ್ತೇ ಅವನೊಡನೆ ಕನ್ನಡ ಆಡೋಣ.