ಸಂಪಾದಕರ ಮಾತು: ಹೆಸರಿನಲ್ಲೇ ತಪ್ಪು ಹೊರಿಸಬೇಡಿ

ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. ಅದರ ಆಸುಪಾಸಿನಲ್ಲಿ ಕನ್ನಡ ಪತ್ರಿಕೆಗಳು ಅಚ್ಚು ಹಾಕುವ ಲೇಖನಗಳನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಒಂದರಲ್ಲಿ ‘ಆಟಿಸಂ ಪೀಡಿತ ಮಗು’, ಇನ್ನೊಂದರಲ್ಲಿ ‘ಸ್ವಲೀನತೆಯಿಂದ ಬಳಲುತ್ತಿರುವ ಬಾಲಕ’, ಮತ್ತೊಂದರಲ್ಲಿ ‘ದೇವರ ಮಕ್ಕಳು’. ಇವೆಲ್ಲಕ್ಕಿಂತ ಕೆಟ್ಟದ್ದು ಈಚೆಗೆ ಪುರವಣಿಗಳಲ್ಲಿ ಹರಿದಾಡುತ್ತಿರುವ ‘ವರ್ಚುವಲ್ ಆಟಿಸಂ’. ಅಡುಗೆಯ ಹೊತ್ತಿಗೆ ತಾಯಿ ಮಗುವಿನ ಕೈಗೆ ಮೊಬೈಲ್ ಕೊಟ್ಟಳು, ಅದಕ್ಕೇ ಮಗು ಹೀಗಾಯಿತು ಎಂಬುದು ಅದರ ತೀರ್ಪು. ರೊಮೇನಿಯಾದ ಮನಶ್ಶಾಸ್ತ್ರಜ್ಞರೊಬ್ಬರು ಚಲಾವಣೆಗೆ ತಂದ ಈ ಹೆಸರು ರೋಗನಿರ್ಣಯದ ಕೈಪಿಡಿಗಳಾದ ಅಮೆರಿಕದ ಡಿಎಸ್‌ಎಂ-5ರಲ್ಲೂ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11ರಲ್ಲೂ ಇಲ್ಲ. ದಿನವಿಡೀ ಮೊಬೈಲ್ ನೋಡುವ ಮಗುವಿಗೆ ಮಾತು ತಡವಾಗಬಹುದು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆಟಿಸಂ ಬೇರೆ. ಅದರ ಬೇರು ಬಹುಪಾಲು ವಂಶವಾಹಿಗಳಲ್ಲಿದೆ. ಮಗು ಮೊಬೈಲ್ ಮುಟ್ಟುವುದಕ್ಕೆ ಬಹಳ ಮುಂಚೆಯೇ, ಮೆದುಳು ರೂಪುಗೊಳ್ಳುವ ಕಾಲಕ್ಕೇ ಅದು ಶುರುವಾಗಿರುತ್ತದೆ.

ತಾಯಿಯನ್ನು ಕಟಕಟೆಗೆ ನಿಲ್ಲಿಸುವ ಈ ಚಾಳಿ ಹೊಸದಲ್ಲ. 1943ರಲ್ಲಿ ಅಮೆರಿಕದ ಮನೋವೈದ್ಯ ಲಿಯೊ ಕ್ಯಾನರ್ ಆಟಿಸಂ ಇದ್ದ ಹನ್ನೊಂದು ಮಕ್ಕಳ ಬಗ್ಗೆ ಬರೆದಾಗಲೇ ತಂದೆತಾಯಿಗಳು ಮಮತೆ ಇಲ್ಲದವರೆಂಬ ಸುಳಿವು ಕೊಟ್ಟಿದ್ದ. 1967ರಲ್ಲಿ ಬ್ರೂನೊ ಬೆಟಲ್‌ಹೈಮ್ ಅದನ್ನೇ ದೊಡ್ಡ ಪುಸ್ತಕ ಮಾಡಿದ. ಒಂದು ತಲೆಮಾರಿನ ತಾಯಂದಿರಿಗೆ ‘ಫ್ರಿಜ್ ತಾಯಿ’ ಎಂಬ ಬಿರುದು ಸಿಕ್ಕಿತು. ಅದನ್ನು ಬುಡಮೇಲು ಮಾಡಿದವರಲ್ಲಿ ಮೊದಲಿಗ ಬರ್ನಾರ್ಡ್ ರಿಮ್ಲ್ಯಾಂಡ್, ಆಟಿಸಂ ಇದ್ದ ಮಗನ ತಂದೆ. 1964ರಷ್ಟು ಹಿಂದೆಯೇ ಆತ ಇದು ಮೆದುಳಿನ ಬೆಳವಣಿಗೆಯ ವಿಷಯ, ಸಾಕಿದ ರೀತಿಯದಲ್ಲ ಎಂದು ವಾದಿಸಿದ್ದ. ಅಲ್ಲಿ ಬಿದ್ದುಹೋದ ಆರೋಪವನ್ನು ನಮ್ಮ ಪುರವಣಿಗಳು ಇಲ್ಲಿ ಮತ್ತೆ ಎತ್ತಿ ನಿಲ್ಲಿಸುತ್ತಿವೆ. ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ತಾಯಿ ಮೊದಲೇ ಆರೋಪಿ. ಬಸುರಿದ್ದಾಗ ಗ್ರಹಣ ನೋಡಿದಳು, ಹೊತ್ತಲ್ಲದ ಹೊತ್ತಿನಲ್ಲಿ ಹೊರಬಿದ್ದಳು, ಗಾಳಿ ಬಡಿಯಿತು, ಹಿಂದಿನ ಜನ್ಮದ ಪಾಪ. ಈಗ ಅತ್ತೆಯ ಕೈಗೆ ಪತ್ರಿಕೆಯ ಕತ್ತರಿಕೆಯೂ ಸಿಕ್ಕಿದೆ. ಆರೋಗ್ಯದ ಅಂಕಣ ಬರೆಯುವವರು ಯಾರ ಮನೆಯಲ್ಲಿ ಏನು ನಡೆಯುತ್ತದೆಂದು ಯೋಚಿಸಿ ಬರೆಯಬೇಕು.

ಇನ್ನು ಆಟಿಸಂಗೆ ಕನ್ನಡದಲ್ಲಿ ಏನೆನ್ನಬೇಕೆಂಬ ಹೆಸರಿನ ಜಗಳ. ಸರ್ಕಾರಿ ಕಾಗದದಲ್ಲಿ ‘ಸ್ವಲೀನತೆ’. ಹಿಂದಿಯಲ್ಲೂ ಇರುವ ಪದ. ನಮ್ಮ ಗಡಿಯಾಚೆ ಮರಾಠಿಯವರು ‘ಸ್ವಮಗ್ನತಾ’ ಎನ್ನುತ್ತಾರೆ. ಎರಡೂ ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ ಗ್ರೀಕಿನ ‘ತಾನು’ ಎಂಬ ಶಬ್ದದಿಂದ ಕಟ್ಟಿದ ಹೆಸರಿನ ಸಂಸ್ಕೃತ ರೂಪ. ಬ್ಲಾಯ್ಲರ್ ಅದನ್ನು ಕಟ್ಟಿದ್ದು ಈ ಮಕ್ಕಳಿಗಾಗಿ ಅಲ್ಲ, ಸ್ಕಿಜೋಫ್ರೇನಿಯಾ ಇದ್ದವರ ಒಂದು ಲಕ್ಷಣಕ್ಕಾಗಿ. ಶರಣರ ನಾಡಿನಲ್ಲಿ ಲೀನವಾಗುವುದೆಂದರೆ ಸಾಧನೆ. ಜಾತ್ರೆಯ ಡಿಜೆ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ಕಿರುಚುವ ಹುಡುಗ ಯಾವುದರಲ್ಲಿ ಲೀನವಾಗಿದ್ದಾನೆ? ಕುಕ್ಕರಿನ ಸೀಟಿ, ಅಂಗಿಯ ಕೊರಳಪಟ್ಟಿಯ ಚೀಟಿ, ಟ್ಯೂಬ್‌ಲೈಟಿನ ಮಿಣುಕು, ಇವೆಲ್ಲ ಅವನೊಳಗೆ ಅತಿಯಾಗಿ ನುಗ್ಗುತ್ತವೆ. ತನ್ನೊಳಗೆ ಮುಳುಗಿದ್ದಾನೆಂದು ಹೇಳುವ ಹೆಸರು ಅವನ ಅನುಭವವನ್ನು ತಲೆಕೆಳಗು ಮಾಡುತ್ತದೆ.

ಸಂಸ್ಕೃತದ ಬದಲು ಕನ್ನಡದ್ದೇ ಪದ ಬೇಕೆನ್ನುವ ‘ಎಲ್ಲರ ಕನ್ನಡ’ದ ಗೆಳೆಯರು ಇದನ್ನು ಓದಿ ಹಿಗ್ಗುವುದು ಬೇಡ. ಡಿ.ಎನ್. ಶಂಕರ ಭಟ್ಟರ ‘ಇಂಗ್ಲಿಶ್ ಪದಗಳಿಗೆ ಕನ್ನಡದ್ದೇ ಪದಗಳು’ ನನ್ನ ಮೇಜಿನ ಮೇಲೆ ಇರುವ ಪುಸ್ತಕ, ಅವರ ಶ್ರಮದ ಬಗ್ಗೆ ಗೌರವವಿದೆ. ಆದರೆ ‘ತಾನು’, ‘ತನ್ನ’ ಎಂಬ ಮಾತುಗಳಿಗೆ ಬಾಲ ಜೋಡಿಸಿ ಕಟ್ಟುವ ಅಚ್ಚಗನ್ನಡದ ಪದವೂ ತನ್ನೊಳಗೆ ಮುಳುಗಿದವನೆಂಬ ಅದೇ ತಪ್ಪನ್ನು ಹೇಳುತ್ತದೆ. ಎಷ್ಟು ವರ್ಷ ಈ ಎರಡು ಬಣಗಳು ಪದದ ಮೂಲದ ಬಗ್ಗೆ ಕಾದಾಡುತ್ತವೆ? ಪದ ಹೊತ್ತು ತಿರುಗಬೇಕಾದ ಮಗುವಿನ ಬಗ್ಗೆ ಎರಡೂ ಕಡೆಯವರು ಕೇಳಿದ್ದನ್ನು ನಾನು ಕಂಡಿಲ್ಲ.

ನಮ್ಮ ಪತ್ರಿಕೆಯ ನಿಲುವು ಸ್ಪಷ್ಟ: ಆಟಿಸಂ ಎಂದೇ ಬರೆಯುತ್ತೇವೆ. ಅದರಲ್ಲಿಯೂ ಅದೇ ಗ್ರೀಕ್ ಧಾತು ಇದೆ ಎಂದು ಪಂಡಿತರು ಎದ್ದು ನಿಲ್ಲಬಹುದು. ಇರಲಿ. ಗ್ರೀಕ್ ಅರ್ಥ ಕನ್ನಡದ ಕಿವಿಗೆ ಕೇಳಿಸುವುದಿಲ್ಲ. ಸ್ವಲೀನತೆಯ ಅರ್ಥ ಕೇಳಿಸುತ್ತದೆ, ತಪ್ಪಾಗಿ ಕೇಳಿಸುತ್ತದೆ. ಪೋಲಿಯೊ, ಕ್ಯಾನ್ಸರ್, ಶುಗರ್, ಬಿ.ಪಿ. ಎಲ್ಲ ಮಮದಾಪುರದ ಮುದುಕಿಯರ ಬಾಯಲ್ಲೂ ಸಲೀಸು. ನ್ಯೂಜಿಲೆಂಡಿನ ಮಾವೊರಿ ಭಾಷೆಯಲ್ಲಿ 2017ರಲ್ಲಿ ಕೇರಿ ಓಪಾಯ್ ‘ತಕಿವಾತಂಗ’ ಎಂಬ ಹೆಸರು ತಂದರು. ತನ್ನದೇ ಸಮಯ, ತನ್ನದೇ ಜಾಗ ಎಂಬ ಅರ್ಥದ ಆ ಹೆಸರು ಆಟಿಸಂ ಇದ್ದ ಗೆಳೆಯನನ್ನು ಬಲ್ಲ ಮನುಷ್ಯನಿಂದ ಹುಟ್ಟಿತು, ಜನ ಒಪ್ಪಿದರು. ಕನ್ನಡದಲ್ಲೂ ಅಂಥದ್ದು ಒಂದು ದಿನ ಹುಟ್ಟಲಿ. ಆಟಿಸಂ ಇರುವವರು, ಅವರೊಂದಿಗೆ ಬದುಕುವವರು ಅದನ್ನು ಹುಟ್ಟಿಸಬೇಕು. ಪದರಚನಾ ಸಮಿತಿಗೆ ಆ ಹಕ್ಕಿಲ್ಲ, ಸಂಪಾದಕನಿಗೂ ಇಲ್ಲ.

‘ಬುದ್ಧಿಮಾಂದ್ಯ’ ಮಾತ್ರ ಇವತ್ತೇ ಹೋಗಬೇಕು. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ಆಟಿಸಂಗೆ ಜಾಗವೇ ಇರಲಿಲ್ಲ. ಪ್ರಮಾಣಪತ್ರ ಬೇಕಾದವರು ಬುದ್ಧಿಮಾಂದ್ಯದ ಹಣೆಪಟ್ಟಿ ಹಚ್ಚಿಕೊಳ್ಳಬೇಕಾಯಿತು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಹೆಸರು ಬಂತು. 2016ರ ಕಾಯ್ದೆ 21 ವಿಧಗಳನ್ನು ಪಟ್ಟಿ ಮಾಡಿ ಆಟಿಸಂಗೆ ಅದರದೇ ಸಾಲು ಕೊಟ್ಟಿತು. ಇಷ್ಟಾದ ಮೇಲೂ ವರದಿಗಾರರು ಹಳೆಯ ಪದವನ್ನೇ ಬರೆಯುತ್ತಾರೆ. ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಂತೂ ಆಟಿಸಂ ‘ವರ್ತನೆಯ ದೋಷ’ದ ಕೆಳಗೆ ಇದೆ. ವರ್ತನೆಯ ದೋಷ ಎಂದು ಓದಿದ ಮಾಸ್ತರರಿಗೆ ತೋಚುವ ಮದ್ದು ಬೈಗುಳ, ಇಲ್ಲವೇ ಬೆತ್ತ.

ಹೆಸರಿಗಿಂತ ದೊಡ್ಡ ಕೊರತೆ ವಿವರಣೆಯದು. ವೈದ್ಯೆ ಅನುಪಮಾ ನಿರಂಜನ ‘ಕೇಳು ಕಿಶೋರಿ’ ಬರೆದಾಗ ಯಾವ ಪದಕೋಶಕ್ಕೂ ಕಾಯಲಿಲ್ಲ. ಹುಡುಗಿಯರಿಗೆ ಅವರ ದೇಹದ ಬಗ್ಗೆ ನೇರವಾಗಿ ತಿಳಿಯುವಂತೆ ಹೇಳಿದರು. ಸಿ.ಆರ್. ಚಂದ್ರಶೇಖರ್ ಮನೋರೋಗದ ಬಗ್ಗೆ ಆ ಕೆಲಸ ಮಾಡಿದರು. ಆಟಿಸಂ ಬಗ್ಗೆ ನಮ್ಮ ಸೀಮೆಯ ಆಡುಮಾತಿನಲ್ಲಿ ಅಂಥ ಬರಹ ಬೇಕು. ಘೋಡಗೇರಿಯ ಕಂಬಾರರು, ಬೆಟಗೇರಿ ಕೃಷ್ಣಶರ್ಮರು, ಮಲಾಮರಡಿಯ ಕಟ್ಟೀಮನಿಯವರು ಸಾಹಿತ್ಯಕ್ಕೆ ತಂದ ಮಾತು ಇದೇ ಅಲ್ಲವೇ? ಆಟಿಸಂ ಜೊತೆಗೆ ವೈದ್ಯರು ಹೇಳುವ ‘ಸ್ಪೆಕ್ಟ್ರಮ್’ ಅನ್ನು ‘ವರ್ಣಪಟಲ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ತಿಳಿದರೂ, ಕಡಿಮೆ ಆಟಿಸಂನಿಂದ ಜಾಸ್ತಿ ಆಟಿಸಂವರೆಗೆ ಎಳೆದ ಗೆರೆ ಎಂದೇ ಓದುಗ ತಪ್ಪು ತಿಳಿಯುತ್ತಾನೆ. ಧೂಪದಾಳದಿಂದ ಹೊರಡುವ ಕಾಲುವೆಯ ತೂಬುಗಳನ್ನು ತೋರಿಸಿ ಹೇಳಿದರೆ ರೈತನಿಗೆ ಅರ್ಥವಾಗುತ್ತದೆ. ಒಬ್ಬ ಹುಡುಗನಿಗೆ ಕಿವಿಯ ತೂಬು ಪೂರಾ ತೆರೆದಿದೆ, ಮಾತಿನದು ಅರ್ಧ ಮುಚ್ಚಿದೆ, ನೆನಪಿನದು ತುಂಬಿ ಹರಿಯುತ್ತಿದೆ. ಪಕ್ಕದ ಮನೆಯ ಹುಡುಗಿಗೆ ಮಾತು ಧಾರಾಳ, ಎದುರಿನವರ ಮುಖ ಓದುವುದು ಕಷ್ಟ. ಇಬ್ಬರಿಗೂ ಆಟಿಸಂ ಇದೆ, ಇಬ್ಬರಿಗೂ ಬೇಕಾದ ನೆರವು ಬೇರೆ ಬೇರೆ.

ಆಟಿಸಂ ಇರುವವರು, ಇಲ್ಲದವರು ಒಬ್ಬರಿಗೊಬ್ಬರು ಅರ್ಥವಾಗದಿರುವುದು ಎರಡೂ ಕಡೆಯ ತೊಡಕು ಎಂದು ಬ್ರಿಟನ್ನಿನ ಡೇಮಿಯನ್ ಮಿಲ್ಟನ್ 2012ರಲ್ಲಿ ಬರೆದರು. ಅವರಿಗೇ ಆಟಿಸಂ ಇದೆ. ಆಟಿಸಂ ಇರುವವನಿಗೆ ನಮ್ಮ ಮನಸ್ಸು ತಿಳಿಯುವುದಿಲ್ಲ ಎನ್ನುವ ನಾವು ಅವನ ಮನಸ್ಸನ್ನು ಎಷ್ಟು ತಿಳಿದಿದ್ದೇವೆ ಎಂಬುದು ಅವರ ಪ್ರಶ್ನೆ. ಅಷ್ಟು ದೂರವೂ ಹೋಗಬೇಕಿಲ್ಲ. ಬಾಲ್ಯದ ವರ್ಷಗಳನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದ ಟಿಟೊ ರಾಜರ್ಷಿ ಮುಖೋಪಾಧ್ಯಾಯ, ಮಾತು ಬಹುಪಾಲು ಬಾರದ ಹುಡುಗ, ಚಿಕ್ಕಂದಿನಲ್ಲೇ ಬರೆದ ಪುಸ್ತಕವನ್ನು 2000ದಲ್ಲಿ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಪ್ರಕಟಿಸಿತು. ಅವರ ತಾಯಿ ಮುಂದೆ ಅಮೆರಿಕದಲ್ಲಿ ಹರಡಿದ ಕಲಿಕೆಯ ವಿಧಾನದ ಬಗ್ಗೆ ತಜ್ಞರ ಗಂಭೀರ ಆಕ್ಷೇಪಗಳಿವೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ನಮ್ಮ ರಾಜ್ಯದಲ್ಲೇ ಬೆಳೆದವನ ಬರಹದ ಬಗ್ಗೆ ನಮ್ಮ ವಿಮರ್ಶಕರು ಇಷ್ಟು ಮೌನವಾಗಿರುವುದು ನಾಚಿಕೆಗೇಡು.

ಈ ಸಂಚಿಕೆಯ ವಿಶೇಷ ವಿಭಾಗ ಆಟಿಸಂ ಕುರಿತದ್ದು.

ಇನ್ನು ಮುಂದೆ ನಮ್ಮಲ್ಲಿ ‘ಪೀಡಿತ’, ‘ಬಳಲುತ್ತಿರುವ’, ‘ದೇವರ ಮಗು’ ಎಂಬ ಮಾತುಗಳು ಅಚ್ಚಾಗುವುದಿಲ್ಲ. ಆಟಿಸಂ ಇರುವವರು ತಮ್ಮನ್ನು ತಾವು ಏನೆಂದು ಕರೆದುಕೊಂಡರೂ ಅದನ್ನು ತಿದ್ದುವುದಿಲ್ಲ. ಆಟಿಸಂ ವಾಸಿ ಮಾಡುತ್ತೇವೆಂಬ ಜಾಹೀರಾತು, ಅದರಲ್ಲೂ ಸ್ಟೆಮ್ ಸೆಲ್ ಚಿಕಿತ್ಸೆಯದು, ಎಷ್ಟೇ ದುಡ್ಡು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿಯೇ 2022ರಲ್ಲಿ ಅದನ್ನು ಶಿಫಾರಸು ಮಾಡಲಾಗದು ಎಂದಿದೆ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇಂಥ ಮಗು ಇದ್ದರೆ ಅವನನ್ನು, ಅವಳನ್ನು ನೀವು ಹತ್ತಿರದವರಿಗೆ ಹೇಗೆ ವಿವರಿಸುತ್ತೀರಿ? ‘ತನ್ನ ಗುಂಗಿನ್ಯಾಗ ಇರ್ತಾನ’, ‘ಮಂದ್ಯಾಗ ಬೆರಿಯೂದಿಲ್ಲ’, ‘ಸಪ್ಪಳ ತಡಿಯೂದಿಲ್ಲ’, ನೀವು ಆಡುವ ಮಾತನ್ನೇ ಆಡಿದಂತೆ ಬರೆದು ಕಳಿಸಿ. ಗ್ರಾಂಥಿಕ ಮಾಡಬೇಡಿ, ನಾವೂ ಮಾಡುವುದಿಲ್ಲ. ಮಗುವಿನ ಹೆಸರು, ಊರು, ಶಾಲೆ ಬರೆಯುವುದು ಬೇಡ.