ಸರಕಾರಿ ಪದವಿಪೂರ್ವ ಕಾಲೇಜು: ಹಿಂಜರಿಕೆ ಏಕೆ?

ಹತ್ತನೆಯ ತರಗತಿಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಮಗುವನ್ನು ಮುಂದೆ ಎಲ್ಲಿಗೆ ಕಳುಹಿಸುವುದು? ಬಲಿಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ, ವಾರ್ಡಿನ ಸಭೆಗಳಲ್ಲಿ, ಮದುವೆಯ ಮನೆಗಳಲ್ಲಿ ಇದೇ ಮಾತು. ಹತ್ತಾರು ಕಾಲೇಜುಗಳ ಹೆಸರು ಕೇಳಿಬರುತ್ತದೆ. ಆದರೆ ಊರಿನಲ್ಲೇ ಇರುವ ಸರಕಾರಿ ಪದವಿಪೂರ್ವ ಕಾಲೇಜಿನ ಹೆಸರು ಬರುವುದು ಅಪರೂಪ. ಬಂದರೂ ಅದು ತಗ್ಗಿದ ದನಿಯಲ್ಲಿ, ಬೇರೆ ದಾರಿಯೇ ಇಲ್ಲದವರ ಕೊನೆಯ ಆಸರೆಯೆಂಬಂತೆ. ಈ ತಗ್ಗಿದ ದನಿಯನ್ನು ಕುರಿತು ಈ ವಾರ ನಾವು ಚಿಂತಿಸಬಯಸುತ್ತೇವೆ.

ಹಿಂಜರಿಕೆಯ ಹಿಂದೆ ಮೂರು ಕಾರಣಗಳಿವೆ. ಒಂದು ಪ್ರತಿಷ್ಠೆ, ಎರಡನೆಯದು ಗುಣಮಟ್ಟ, ಮೂರನೆಯದು ವಿಶ್ವಾಸ. ಇವು ಒಂದೇ ಬಗೆಯವಲ್ಲ. ಆದುದರಿಂದ ಬೇರೆ ಬೇರೆಯಾಗಿಯೇ ತೂಗಬೇಕು.

ಪ್ರತಿಷ್ಠೆಯ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ನೆರೆಮನೆಯವರ ಮಗ ದೂರದ ವಸತಿ ಕಾಲೇಜಿಗೆ ಸೇರಿದನೆಂಬ ಕಾರಣಕ್ಕೆ ತಾಯಿಯ ಬಳೆಗಳನ್ನು ಸಹಕಾರಿ ಸಂಘದಲ್ಲಿ ಅಡವಿಟ್ಟು ಮಗಳನ್ನು ಅದೇ ಕಾಲೇಜಿಗೆ ಸೇರಿಸುವುದು ವಿದ್ಯಾದಾಹವಲ್ಲ. ಎರಡು ವರ್ಷಗಳ ಶುಲ್ಕಕ್ಕಾಗಿ ಮಾಡಿದ ಸಾಲ ಮುಂದಿನ ಪದವಿಯ ಹಣವನ್ನೇ ನುಂಗಿಬಿಟ್ಟರೆ ಮಗುವಿಗೆ ಆದ ಉಪಕಾರವಾದರೂ ಏನು? ಸಾಲದ ಭಾರವನ್ನು ಹೊತ್ತು ತರಗತಿಯಲ್ಲಿ ಕುಳಿತ ಮಗು ಅಂಕಗಳನ್ನಲ್ಲ, ಅಪ್ಪನ ಕಂತುಗಳನ್ನು ಎಣಿಸುತ್ತದೆ.

ಗುಣಮಟ್ಟದ ಪ್ರಶ್ನೆ ಗಂಭೀರವಾದುದು. ಅದಕ್ಕೆ ಘೋಷಣೆಯ ಉತ್ತರ ಸಾಲದು. ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ರಾಜ್ಯದ ಪಠ್ಯಕ್ರಮವನ್ನು ಅನುಸರಿಸುವ ಸರಕಾರಿ, ಅನುದಾನಿತ, ಅನುದಾನರಹಿತ ಕಾಲೇಜುಗಳ ವಿದ್ಯಾರ್ಥಿಗಳೆಲ್ಲರೂ ಬರೆಯುವುದು ದ್ವಿತೀಯ ಪಿಯುಸಿಯ ಒಂದೇ ಪರೀಕ್ಷೆಯನ್ನು. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶವನ್ನೂ ನೀಡಲಾಗಿತ್ತು. ಪ್ರಶ್ನೆಪತ್ರಿಕೆಗೆ ಕಾಲೇಜಿನ ಹೆಸರು ತಿಳಿಯದು. ಇಂಜಿನಿಯರಿಂಗ್ ಸೇರಬಯಸುವವರಿಗೆ ಸಿಇಟಿಯ ಅಂಕಗಳೊಡನೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳೂ ಸಮಪಾಲಿನಲ್ಲಿ ಎಣಿಕೆಗೆ ಬರುತ್ತವೆ. ವೈದ್ಯಕೀಯಕ್ಕೆ ಮಾತ್ರ ನೀಟ್ ಅಂಕಗಳೇ ನಿರ್ಣಾಯಕ. ಅದಕ್ಕೆ ಬೇಕಾದ ವಿಶೇಷ ತರಬೇತಿ ಎಲ್ಲ ಸರಕಾರಿ ಕಾಲೇಜುಗಳಲ್ಲಿ ದೊರೆಯಲಾರದು. ಆ ದಾರಿಯನ್ನು ಹಿಡಿಯುವ ಕುಟುಂಬ ಈ ಕೊರತೆಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೆ ನಮ್ಮ ಮಕ್ಕಳೆಲ್ಲ ವೈದ್ಯರಾಗುವವರಲ್ಲ. ಶಿಕ್ಷಕರು, ವಕೀಲರು, ಲೆಕ್ಕಪರಿಶೋಧಕರು, ಸರಕಾರಿ ಅಧಿಕಾರಿಗಳು ಆಗಬೇಕಾದವರಿಗೆ ಕಲಾ ಮತ್ತು ವಾಣಿಜ್ಯ ವಿಭಾಗಗಳು ನೆಟ್ಟನೆಯ ದಾರಿಗಳು. ಅವನ್ನು ದಡ್ಡರ ಪಾಲಿನವೆಂದು ತಿಳಿಯುವುದು ನಮ್ಮ ಅಜ್ಞಾನ.

ಹಾಗೆಂದು ಎಲ್ಲ ಸರಕಾರಿ ಕಾಲೇಜುಗಳೂ ಒಂದೇ ಸಮನಾಗಿಲ್ಲ. ಕೆಲವೆಡೆ ನುರಿತ ಉಪನ್ಯಾಸಕರು ವರ್ಷಗಟ್ಟಲೆ ನೆಲೆನಿಂತು ಮಕ್ಕಳನ್ನು ಬೆಳೆಸಿದ್ದಾರೆ. ಇನ್ನು ಕೆಲವೆಡೆ ಹುದ್ದೆಗಳು ಖಾಲಿ ಬಿದ್ದು ಅತಿಥಿ ಉಪನ್ಯಾಸಕರ ನೇಮಕವಾಗುವವರೆಗೆ ಪಾಠವೇ ಸಾಗುವುದಿಲ್ಲ. ಆದುದರಿಂದ ಪೋಷಕರು ಕೇಳಿದ ಮಾತನ್ನು ನಂಬದೆ ಸ್ವತಃ ಹೋಗಿ ನೋಡಬೇಕು. ಮಗು ಬಯಸುವ ವಿಷಯಗಳ ಜೋಡಣೆ ಅಲ್ಲಿದೆಯೇ? ಆ ನಾಲ್ಕು ವಿಷಯಗಳಿಗೂ ಉಪನ್ಯಾಸಕರಿದ್ದಾರೆಯೇ, ಅವರಲ್ಲಿ ಖಾಯಂ ಎಷ್ಟು ಮಂದಿ? ಪ್ರಯೋಗಾಲಯಕ್ಕೆ ಬೀಗ ಹಾಕಿದೆಯೇ, ಅಲ್ಲಿ ಮಕ್ಕಳು ಕೆಲಸ ಮಾಡುತ್ತಿದ್ದಾರೆಯೇ? ಕಳೆದ ಮೂರು ವರ್ಷಗಳ ಫಲಿತಾಂಶ ಹೇಗಿದೆ? ಪ್ರಥಮ ಸ್ಥಾನ ಪಡೆದವರ ಭಾವಚಿತ್ರವನ್ನಷ್ಟೇ ನೋಡಬಾರದು. ಸೇರಿದವರಲ್ಲಿ ಎಷ್ಟು ಮಂದಿ ಉತ್ತೀರ್ಣರಾದರೆಂದು ಕೇಳಬೇಕು. ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯವಿದೆಯೇ? ಸಂಜೆಯ ಬಸ್ಸು ಎಷ್ಟು ಹೊತ್ತಿಗೆ? ಈ ಪ್ರಶ್ನೆಗಳನ್ನು ಕೇಳಲು ಅರ್ಧ ದಿನ ಸಾಕು. ಮಗುವಿನ ಎರಡು ವರ್ಷಗಳಿಗಾಗಿ ಅರ್ಧ ದಿನದ ಕೂಲಿಯನ್ನು ಬಿಡುವುದು ನಷ್ಟವಲ್ಲ. ಇದೇ ಪ್ರಶ್ನೆಗಳನ್ನು ಖಾಸಗಿ ಕಾಲೇಜಿನ ಕಚೇರಿಯಲ್ಲಿಯೂ ಕೇಳುವ ಧೈರ್ಯ ನಮಗಿರಲಿ.

ಈಗ ಮೂರನೆಯ, ನಮ್ಮ ಅಂಕಣಕ್ಕೆ ಅತ್ಯಂತ ಹತ್ತಿರದ ಕಾರಣಕ್ಕೆ ಬರೋಣ. ಸರಕಾರಿ ಕಾಲೇಜಿಗೆ ಹೋದರೆ ಮಗುವಿನ ವಿಶ್ವಾಸ ಏನಾದೀತು ಎಂಬುದು ಹಲವು ತಾಯಂದಿರ ಪ್ರಾಮಾಣಿಕ ಭಯ. ಸಂವಿಧಾನದ 28ನೆಯ ವಿಧಿಯಂತೆ ಸಂಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಯಲ್ಲಿ ಯಾವ ಧರ್ಮದ ಬೋಧನೆಯೂ ಸಲ್ಲದು. ಹಾಗಾಗಿ ಅಲ್ಲಿ ಧರ್ಮಶಿಕ್ಷಣದ ತರಗತಿ ಇಲ್ಲ, ಕಾಲೇಜಿನ ಪ್ರಾರ್ಥನಾಲಯವಿಲ್ಲ, ಗುರುಗಳ ಸಾನ್ನಿಧ್ಯವಿಲ್ಲ. ಈ ಅಭಾವ ನಿಜ. ಆದರೆ ಅಭಾವ ಬೇರೆ, ಅಪಾಯ ಬೇರೆ. ಇವೆರಡರ ವ್ಯತ್ಯಾಸವನ್ನು ತಿಳಿಯಲು ಧರ್ಮಸಭೆಯ ಚರಿತ್ರೆಯನ್ನೇ ನೋಡಬಹುದು.

ಚಕ್ರವರ್ತಿ ಎರಡನೆಯ ಫ್ರೆಡರಿಕ್ 1224ರಲ್ಲಿ ನೇಪಲ್ಸ್ ನಗರದಲ್ಲಿ ಒಂದು ವಿದ್ಯಾಪೀಠವನ್ನು ಸ್ಥಾಪಿಸಿದನು. ಅದು ಧರ್ಮಸಭೆಯ ಸಂಸ್ಥೆಯಲ್ಲ, ತನ್ನ ರಾಜ್ಯಾಡಳಿತಕ್ಕೆ ಬೇಕಾದ ಅಧಿಕಾರಿಗಳನ್ನು ತಯಾರಿಸಲೆಂದು ಅರಸನು ಕಟ್ಟಿದ ಸಂಸ್ಥೆ. 1239ರಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿಯವರು ಈ ಚಕ್ರವರ್ತಿಯನ್ನು ಎರಡನೆಯ ಬಾರಿ ಧರ್ಮಬಹಿಷ್ಕಾರಕ್ಕೆ ಗುರಿಪಡಿಸಿದರು. ಹೆಚ್ಚುಕಡಿಮೆ ಅದೇ ಸಮಯದಲ್ಲಿ, ಬಾಲ್ಯದಿಂದ ಮೊಂತೆ ಕಸೀನೊ ಮಠದಲ್ಲಿ ಓದುತ್ತಿದ್ದ, ಇಂದಿನ ನಮ್ಮ ಹತ್ತನೆಯ ತರಗತಿಯ ಮಕ್ಕಳ ವಯಸ್ಸಿನ ಹುಡುಗನೊಬ್ಬನು ಆ ವಿದ್ಯಾಪೀಠವನ್ನು ಸೇರಿದನು. ಪ್ಯಾರಿಸಿನಲ್ಲಿ 1210ರಲ್ಲಿಯೂ 1215ರಲ್ಲಿಯೂ ಪಾಠ ಮಾಡಕೂಡದೆಂದು ನಿಷೇಧಿಸಲ್ಪಟ್ಟಿದ್ದ ಅರಿಸ್ಟಾಟಲನ ಚಿಂತನೆಯ ಪರಿಚಯ ಅವನಿಗೆ ಅಲ್ಲಿ ಆಯಿತು. ಡೊಮಿನಿಕನ್ ಸಭೆಯ ಗುರುಗಳನ್ನು ಅವನು ಕಂಡದ್ದೂ ಆ ನಗರದಲ್ಲಿಯೇ. ಆ ಹುಡುಗನೇ ಅಕ್ವಿನಾದ ಸಂತ ತೋಮಸ್. 1880ರಲ್ಲಿ ಪೋಪ್ ಹದಿಮೂರನೆಯ ಲಿಯೊರವರು ಕಥೋಲಿಕ ಶಾಲೆ, ಕಾಲೇಜು, ವಿಶ್ವವಿದ್ಯಾನಿಲಯಗಳಿಗೆ ಪಾಲಕ ಸಂತನೆಂದು ಸಾರಿದ್ದು ಸರಕಾರಿ ಕಾಲೇಜಿನ ಈ ವಿದ್ಯಾರ್ಥಿಯನ್ನೇ!

ಇದರಿಂದ ಅವಸರದ ತೀರ್ಮಾನ ಬೇಡ. ತೋಮಸನು ನೇಪಲ್ಸಿಗೆ ಬರಿಗೈಯಲ್ಲಿ ಹೋಗಲಿಲ್ಲ. ಮಠದ ಪ್ರಾರ್ಥನೆ ಅವನ ಮೈಗೂಡಿತ್ತು. ಅಡಿಪಾಯ ಗಟ್ಟಿಯಾಗಿದ್ದ ಕಾರಣ ಹೊಸ ಚಿಂತನೆ ಅವನ ವಿಶ್ವಾಸಕ್ಕೆ ಗೋಡೆಯಾಗದೆ ಮೆಟ್ಟಿಲಾಯಿತು. ಆದುದರಿಂದ ನಾವು ಕೇಳಬೇಕಾದ ಪ್ರಶ್ನೆ ಕಾಲೇಜು ಯಾರದ್ದು ಎಂಬುದಷ್ಟೇ ಅಲ್ಲ. ಹದಿನಾರು ವರ್ಷಗಳಲ್ಲಿ ಮನೆ ಏನನ್ನು ಕೊಟ್ಟಿದೆ ಎಂಬುದು ಅದಕ್ಕಿಂತ ಹಿರಿದಾದ ಪ್ರಶ್ನೆ. ಸಂಜೆಯ ಜಪಸರ ನಿಂತುಹೋದ ಮನೆಯ ಮಗುವಿನ ವಿಶ್ವಾಸವನ್ನು ಕಥೋಲಿಕ ಕಾಲೇಜಿನ ಹೆಬ್ಬಾಗಿಲು ಕಾಯಲಾರದು.

ಧರ್ಮಸಭೆಯ ನಿಲುವೂ ಇದಕ್ಕೆ ಹೊಂದಿಕೆಯಾಗಿದೆ. 1983ರ ಧರ್ಮಸಭಾ ಕಾನೂನಿನ 798ನೆಯ ನಿಯಮ, ಮಕ್ಕಳನ್ನು ಕಥೋಲಿಕ ಶಿಕ್ಷಣ ನೀಡುವ ಶಾಲೆಗಳಿಗೆ ಒಪ್ಪಿಸಬೇಕೆಂದು ಪೋಷಕರಿಗೆ ತಿಳಿಸುತ್ತದೆ. ಅದು ಸಾಧ್ಯವಾಗದಿದ್ದಲ್ಲಿ ಶಾಲೆಯ ಹೊರಗೆ ಆ ಶಿಕ್ಷಣ ದೊರೆಯುವಂತೆ ನೋಡಿಕೊಳ್ಳುವ ಹೊಣೆಯನ್ನೂ ಅವರ ಮೇಲೆಯೇ ಇರಿಸುತ್ತದೆ. ಕಥೋಲಿಕೇತರ ಶಾಲೆಗಳಲ್ಲಿ ಓದುವ ಅಸಂಖ್ಯ ಮಕ್ಕಳ ಬಳಿಯಲ್ಲಿ ಧರ್ಮಸಭೆ ವಿಶೇಷ ಪ್ರೀತಿಯಿಂದ ಇರಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣ ಕುರಿತ ಘೋಷಣೆ ತಿಳಿಸುತ್ತದೆ. ಅಂದರೆ ಸರಕಾರಿ ಕಾಲೇಜಿನ ಕಥೋಲಿಕ ವಿದ್ಯಾರ್ಥಿ ಮಂದೆಯಿಂದ ತಪ್ಪಿಸಿಕೊಂಡ ಕುರಿಯಲ್ಲ. ಅವನು ಧರ್ಮಕೇಂದ್ರದ ವಿಶೇಷ ಹೊಣೆ.

ಈ ಹೊಣೆಯನ್ನು ನಮ್ಮ ಧರ್ಮಕೇಂದ್ರಗಳು ಹೊತ್ತಿವೆಯೇ? ಹತ್ತನೆಯ ತರಗತಿಯೊಡನೆ ಧರ್ಮಶಿಕ್ಷಣವೂ ಮುಗಿಯಿತೆಂಬ ಭಾವನೆ ಬಹಳ ಕಡೆ ಬೇರೂರಿದೆ. ಮಕ್ಕಳು ನಿಜವಾದ ಪ್ರಶ್ನೆಗಳನ್ನು ಕೇಳತೊಡಗುವ ವಯಸ್ಸಿನಲ್ಲಿಯೇ ನಾವು ಉತ್ತರಿಸುವುದನ್ನು ನಿಲ್ಲಿಸಿಬಿಡುತ್ತೇವೆ. ಪಿಯುಸಿ ವಿದ್ಯಾರ್ಥಿಗಳಿಗಾಗಿ ತಿಂಗಳಿಗೆ ಎರಡು ಭಾನುವಾರ ಒಂದು ಗಂಟೆ ಮೀಸಲಿಡುವುದು ಯಾವ ಧರ್ಮಕೇಂದ್ರಕ್ಕೂ ಅಸಾಧ್ಯವಲ್ಲ. ಹಾಗೆಯೇ ನಮ್ಮ ವಿದ್ಯಾಸಂಸ್ಥೆಗಳಿಗೂ ಒಂದು ಮಾತು ಸಲ್ಲುತ್ತದೆ. ಬಡ ಕಥೋಲಿಕ ಕುಟುಂಬವೊಂದು ಸರಕಾರಿ ಕಾಲೇಜನ್ನು ಮೆಚ್ಚಿ ಆರಿಸಿದರೆ ಸಂತೋಷ. ನಮ್ಮ ಶುಲ್ಕಕ್ಕೆ ಅಂಜಿ ಆರಿಸಿದರೆ ನಾವು ಆತ್ಮಶೋಧನೆ ಮಾಡಿಕೊಳ್ಳಬೇಕು. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು, 1921ರಲ್ಲಿ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜು ಆರಂಭವಾದಾಗ ಅವು ಮುಚ್ಚಿದ್ದ ಬಾಗಿಲುಗಳನ್ನು ತೆರೆದವು. ಆ ಪರಂಪರೆಯ ವಾರಸುದಾರರು ಬಾಗಿಲಿನ ಎತ್ತರವನ್ನು ಆಗಾಗ ಅಳೆದು ನೋಡುವುದು ಒಳಿತು.

ಸರಕಾರಿ ಕಾಲೇಜು ಕೊಡುವ ಒಂದು ಪಾಠ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಅಲ್ಲಿ ಮೀನುಗಾರನ ಮಗ, ಬೀಡಿ ಕಟ್ಟುವ ತಾಯಿಯ ಮಗಳು, ಹಿಂದೂ, ಮುಸ್ಲಿಂ, ಜೈನ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾರೆ. ನೆರೆಯವನು ಯಾರೆಂಬ ಸುವಾರ್ತೆಯ ಪ್ರಶ್ನೆಗೆ ಉತ್ತರ ಆ ಬೆಂಚಿನಲ್ಲಿಯೇ ದೊರೆಯಬಹುದು. ಬಾಬಿಲೋನಿನ ಅರಮನೆಯಲ್ಲಿ ದಾನಿಯೇಲನು ಆ ನಾಡಿನ ಭಾಷೆಯನ್ನೂ ಸಾಹಿತ್ಯವನ್ನೂ ಹಿಂಜರಿಯದೆ ಕಲಿತನು. ಆದರೆ ಅರಸನ ಭಕ್ಷ್ಯದ ಮುಂದೆ ತನ್ನ ಗೆರೆಯನ್ನು ಎಳೆದನು. ಕಲಿಯುವುದೆಲ್ಲಿ, ಗೆರೆ ಎಳೆಯುವುದೆಲ್ಲಿ ಎಂಬ ವಿವೇಕವನ್ನು ಅವನು ಮನೆಯಿಂದಲೇ ಕೊಂಡೊಯ್ದಿದ್ದನು.

ಪ್ರಿಯ ಪೋಷಕರೇ, ಅರ್ಜಿಯ ನಮೂನೆಯನ್ನು ತುಂಬುವ ಮೊದಲು ಮಗುವನ್ನು ಹತ್ತಿರ ಕೂರಿಸಿಕೊಂಡು ಅದರ ಮನಸ್ಸನ್ನು ಕೇಳಿರಿ. ಮನೆಯ ಆದಾಯವನ್ನು ಮುಚ್ಚಿಡದೆ ತಿಳಿಸಿರಿ. ಹದಿನಾರರ ಮಗು ಅದನ್ನು ಅರ್ಥಮಾಡಿಕೊಳ್ಳಬಲ್ಲದು. ಕಾಲೇಜುಗಳನ್ನು ಒಟ್ಟಿಗೆ ಹೋಗಿ ನೋಡಿರಿ. ಆಯ್ಕೆ ಸರಕಾರಿ ಕಾಲೇಜಾದರೆ ತಲೆಯೆತ್ತಿ ಸೇರಿಸಿರಿ. ಪೋಷಕರು ನಾಚಿಕೆಯಿಂದ ಕಳುಹಿಸಿದ ಕಾಲೇಜಿನಲ್ಲಿ ಮಗು ಅಭಿಮಾನದಿಂದ ಕಲಿಯಲಾರದು. ಅಂದು ಸಂಜೆ ಎಂದಿನಂತೆ ದೇವರ ಪೀಠದ ಮುಂದೆ ದೀಪ ಹಚ್ಚಿ, ಮಗುವಿನ ಹೊಸ ಉಪನ್ಯಾಸಕರಿಗಾಗಿಯೂ ಹೊಸ ಗೆಳೆಯರಿಗಾಗಿಯೂ ಕುಟುಂಬವೆಲ್ಲ ಪ್ರಾರ್ಥಿಸಲಿ.